ಘಾಟಿ ಹತ್ತುವಾಗ ಆಫ್ ಆಗುವ ಕಾರು: ಕ್ರ್ಯಾಂಕ್ ಸೆನ್ಸರ್ ದೋಷವನ್ನು ಬಿಸಿಯಲ್ಲೇ ಹಿಡಿದದ್ದು

ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಕೊಯನಾಡು ದಾಟಿ ಜೋಡುಪಾಲದ ಹತ್ತಿರ ಇಂಜಿನ್ ಇದ್ದಕ್ಕಿದ್ದಂತೆ ಆಫ್. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಗ್ಯಾರೇಜಿಗೆ ತಂದು ನಿಲ್ಲಿಸಿದರೆ ಎಲ್ಲವೂ ಸರಿ. ಈ ದೋಷದ ಕಷ್ಟವೇ ಇದು: ಇಂಜಿನ್ ತಣಿದ ಮೇಲೆ ಯಾವ ಮೀಟರಿಗೂ ಸಿಗುವುದಿಲ್ಲ. 1.2 ಲೀಟರಿನ ಪೆಟ್ರೋಲ್ ಕಾರೊಂದರಲ್ಲಿ ಇದನ್ನು ಪತ್ತೆ ಮಾಡಿ ಸರಿಪಡಿಸಿದ ಕ್ರಮ ಇಲ್ಲಿದೆ.

ಮೊದಲು ಗಮನಿಸಿದ್ದು ಆರ್‌ಪಿಎಂ ಮುಳ್ಳು. ಇಂಜಿನ್ ಆಫ್ ಆದರೂ ಕಾರು ಗೇರಿನಲ್ಲಿ ಉರುಳುತ್ತಿರುವಷ್ಟು ಹೊತ್ತು ಚಕ್ರಗಳೇ ಕ್ರ್ಯಾಂಕನ್ನು (ಇಂಜಿನ್ನಿನ ಮುಖ್ಯ ತಿರುಗುದಂಡವನ್ನು) ತಿರುಗಿಸುತ್ತಿರುತ್ತವೆ. ಆಗ ಮುಳ್ಳು ನಿಧಾನವಾಗಿ ಇಳಿಯಬೇಕು. ಇಲ್ಲಿ ಅದು ಒಮ್ಮೆಲೇ ಸೊನ್ನೆಗೆ ಬಿತ್ತು. ಕ್ರ್ಯಾಂಕ್ ತಿರುಗುತ್ತಿದೆ, ಅದನ್ನು ಇಂಜಿನ್ನಿನ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಸಿಗ್ನಲ್ ಮಾತ್ರ ಇಲ್ಲ ಎಂದು ಇದರ ಅರ್ಥ. ಆ ಸಿಗ್ನಲ್ ಇಲ್ಲದಿದ್ದರೆ ಇಂಜಿನ್ ನಿಲ್ಲುತ್ತದೆ. ಪೆಟ್ರೋಲ್ ಪಂಪ್ ಕೈಕೊಟ್ಟರೆ ಹೀಗಾಗದು. ಮೊದಲು ಎಳೆತ ಕಡಿಮೆಯಾಗಿ, ಗಾಡಿ ಎಳೆದೆಳೆದು ನಿಲ್ಲುತ್ತದೆ. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿದ್ದರೆ ಕ್ಲಚ್ ಒತ್ತಿದಾಗ ಅಥವಾ ಐಡ್ಲಿಂಗಿನಲ್ಲಿ ಆಫ್ ಆಗುತ್ತದೆ, ಏರಿನಲ್ಲಿ ಎಳೆಯುವಾಗ ಅಲ್ಲ. ಇಷ್ಟನ್ನು ನೋಡದೆ ಪಂಪ್ ಬದಲಾಯಿಸಿ ದುಡ್ಡು ಕಳೆದುಕೊಂಡವರು ಬಹಳ ಜನ.

ಆಫ್ ಆದ ಕೂಡಲೇ ಮಾಡಬೇಕಾದ್ದೂ ಒಂದಿದೆ. ಇಂಜಿನ್ ನಿಂತರೆ ಬ್ರೇಕ್ ಬೂಸ್ಟರಿನಲ್ಲಿ ಎರಡು ಮೂರು ಸಲ ಒತ್ತುವಷ್ಟೇ ಬಲ ಉಳಿಯುತ್ತದೆ, ಸ್ಟೀರಿಂಗ್ ಗಟ್ಟಿಯಾಗುತ್ತದೆ. ಪಂಪ್ ಮಾಡದೆ ಒಂದೇ ಸಲ ಬ್ರೇಕ್ ಒತ್ತಿ ಹಿಡಿದು ಎಡಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ.

ನಿಂತ ಮೇಲೆ ಇಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ಸ್ಕ್ಯಾನರ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಸೆಲ್ಫ್ ಹೊಡೆಯುತ್ತಾ ಲೈವ್ ಡೇಟಾ ನೋಡಿದೆ. ಸೆಲ್ಫ್ ತಿರುಗುವಾಗ 150ರಿಂದ 250 ಆರ್‌ಪಿಎಂ ತೋರಿಸಬೇಕು, ತೋರಿಸಿದ್ದು 0. ಕೋಡ್ ಪಿ0335, ಅಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್. ಕೋಡ್ ಬಂತೆಂದು ಸೆನ್ಸರನ್ನೇ ದೂರಬಾರದು. ವೈರು, ಕಪ್ಲರ್ (ವೈರನ್ನು ಸೆನ್ಸರಿಗೆ ಸೇರಿಸುವ ಪ್ಲಗ್), ಸೆನ್ಸರ್ ಮೂರರಲ್ಲಿ ಯಾವುದು ಕೆಟ್ಟರೂ ಇದೇ ಕೋಡ್ ಬರುತ್ತದೆ. ಒದ್ದೆ ಬಟ್ಟೆಯನ್ನು ಸೆನ್ಸರಿಗೆ ಸುತ್ತಿ ಐದು ನಿಮಿಷ ಬಿಟ್ಟಾಗ ಇಂಜಿನ್ ಸ್ಟಾರ್ಟ್ ಆಯಿತು. ಆಗ ಸೆನ್ಸರಿನ ಮೇಲೆ ಅನುಮಾನ ಬಲವಾಯಿತು. ಬಿಸಿ ಇಂಜಿನ್ನಿಗೆ ನೀರು ಮಾತ್ರ ಸುರಿಯಬೇಡಿ.

ನಿಂತ ಕೂಡಲೇ ಮತ್ತೆ ಸ್ಟಾರ್ಟ್ ಆಗದಿರಲು ಕಾರಣವಿದೆ. ಏರಿನಲ್ಲಿ ಎರಡನೇ ಗೇರಿನಲ್ಲಿ ಹೋಗುವಾಗ ಇಂಜಿನ್ ದುಡಿಯುವುದು ಹೆಚ್ಚು, ಬಾನೆಟ್ಟಿನೊಳಗೆ ಗಾಳಿ ಕಡಿಮೆ. ನಿಲ್ಲಿಸಿದ ಮೇಲೆ ಗಾಳಿಯೂ ನಿಂತು ಸೆನ್ಸರಿನ ಬಿಸಿ ಸ್ವಲ್ಪ ಹೊತ್ತು ಇನ್ನೂ ಏರುತ್ತದೆ.

ಮನೆಗೆ ಬಂದು ಬ್ಯಾಟರಿಯ ನೆಗೆಟಿವ್ ತೆಗೆದೆ. ಸೆನ್ಸರ್ ಇರುವುದು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗಿನ ಪಕ್ಕ, 10ರ ಸ್ಪಾನರಿನ ಒಂದೇ ಬೋಲ್ಟ್. ಎಳೆದು ತೆಗೆದಾಗ ತುದಿಯ ಅಯಸ್ಕಾಂತಕ್ಕೆ ರಿಂಗ್ ಗೇರಿನ ಕಬ್ಬಿಣದ ಪುಡಿ, ಕ್ಲಚ್ಚಿನ ಧೂಳು ಸೇರಿ ಕಪ್ಪು ಕೆಸರಿನಂತೆ ಮೆತ್ತಿತ್ತು. ಕಪ್ಲರಿನ ಒಂದು ಪಿನ್ನಿಗೆ ಹಸಿರು ಕಿಲುಬು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಒಣಗಲು ಬಿಡದ ಮಳೆ, ಇದು ಸಹಜ. ತೋಟದ ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಗಳಲ್ಲಿ ಇಲಿ ಕಡಿದ ವೈರನ್ನೂ ಹುಡುಕಬೇಕು. ಇಸಿಎಂ (ಇಂಜಿನ್ ಕಂಪ್ಯೂಟರ್) ಪ್ಲಗ್ ಬಿಚ್ಚಿ ಅಲ್ಲಿಂದ ಕಪ್ಲರಿನವರೆಗೆ ಎರಡೂ ವೈರು ಅಳೆದೆ: 1 ಓಮಿಗಿಂತ ಕಡಿಮೆ, ಕಾರಿನ ಲೋಹದ ಮೈಗೆ ಶಾರ್ಟ್ ಇಲ್ಲ. ವೈರಿಂಗ್ ಸರಿಯಿತ್ತು.

ಇನ್ನು ಬಿಸಿನೀರಿನ ಪರೀಕ್ಷೆ. ಇದು ಎರಡು ವೈರಿನ, ಸುರುಳಿ ಇರುವ ಸೆನ್ಸರ್. ಈ ಜಾತಿಯವು ಸಾಮಾನ್ಯವಾಗಿ 200ರಿಂದ 1500 ಓಮಿನೊಳಗೆ ಇರುತ್ತವೆ. ತಣ್ಣಗಿದ್ದಾಗ 860 ಓಮ್. ಮಲ್ಟಿಮೀಟರಿನ ವೈರುಗಳನ್ನು ಸಿಕ್ಕಿಸಿ, ನೀರು ಹೋಗದಂತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಸಿನೀರಿಗಿಳಿಸಿದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುವುದರಿಂದ ಒಳ್ಳೆಯ ಸೆನ್ಸರ್ 85 ಡಿಗ್ರಿಯಲ್ಲಿ 1080ರ ಆಸುಪಾಸು ನಿಲ್ಲಬೇಕು. ಇದು 1000 ದಾಟಿದ್ದೇ ಮೀಟರ್ ಓಪನ್, ಅಂದರೆ ತಂತಿ ಕಡಿದಂತೆ, ತೋರಿಸಿತು. ತಣಿದಾಗ ಮತ್ತೆ 860. ಒಳಗಿನ ಕೂದಲೆಳೆಯಷ್ಟು ತಾಮ್ರದ ತಂತಿ ಬಿರುಕುಬಿಟ್ಟು, ಪ್ಲಾಸ್ಟಿಕ್ ಹಿಗ್ಗಿದಾಗ ಬಿಟ್ಟುಕೊಳ್ಳುತ್ತಿತ್ತು. ಇಷ್ಟು ಕಣ್ಣಾರೆ ಕಂಡ ಮೇಲೆಯೇ ಹೊಸ ಸೆನ್ಸರ್ ತರಿಸಿದ್ದು.

ಸುರುಳಿಯ ಬದಲು ಚಿಪ್ ಇರುವ, ಮೂರು ವೈರಿನ ಹಾಲ್ ಸೆನ್ಸರ್ ಆಗಿದ್ದರೆ ಓಮ್ ಅಳೆಯಬೇಡಿ. ಅದರಿಂದ ಏನೂ ಗೊತ್ತಾಗದು, ಸೆನ್ಸರ್ ಕೆಡಲೂಬಹುದು. ಕೀ ಆನ್ ಮಾಡಿ 5 ಅಥವಾ 12 ವೋಲ್ಟ್ ಸಪ್ಲೈ, ಅರ್ತ್ ಮತ್ತು ಸೆಲ್ಫ್ ಹೊಡೆಯುವಾಗ ಸಿಗ್ನಲ್ ಏರಿಳಿಯುತ್ತದೆಯೇ ನೋಡಿ.

ಹೊಸ ಸೆನ್ಸರನ್ನು ಹಳೆಯದರ ಪಕ್ಕ ಇಟ್ಟು ವರ್ನಿಯರಿನಲ್ಲಿ ತುದಿಯ ಉದ್ದ ಅಳೆದೆ. ತುದಿಗೂ ಕ್ರ್ಯಾಂಕಿನ ಜೊತೆ ತಿರುಗುವ ಹಲ್ಲಿನ ಚಕ್ರಕ್ಕೂ ನಡುವಿನ ಅಂತರ ಸಾಮಾನ್ಯವಾಗಿ 0.5ರಿಂದ 1.5 ಮಿಲಿಮೀಟರ್ ಮಾತ್ರ. ನಕಲಿ ಸೆನ್ಸರಿನ ತುದಿ 1 ಮಿಲಿಮೀಟರ್ ಗಿಡ್ಡವಿದ್ದರೂ ಸಿಗ್ನಲ್ ಸೊರಗುತ್ತದೆ. ಹೊಸದಕ್ಕೂ ಅದೇ ಬಿಸಿನೀರಿನ ಪರೀಕ್ಷೆ ಮಾಡಿದೆ. ಕೂರುವ ಜಾಗ ಬಟ್ಟೆಯಲ್ಲಿ ಒರೆಸಿ, ಓ ರಿಂಗಿಗೆ ಒಂದು ಹನಿ ಇಂಜಿನ್ ಆಯಿಲ್ ಸವರಿ ಕೈಯಿಂದಲೇ ಒತ್ತಿ ಕೂರಿಸಿದೆ. ಸುತ್ತಿಗೆ ತಗಲಿಸಿದರೆ ಅಯಸ್ಕಾಂತ ಒಡೆಯಬಹುದು. ಬೋಲ್ಟಿಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು. ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ತೊಳೆದು ಒಣಗಿಸಿದೆ. ಕಪ್ಲರ್ ಕತ್ತರಿಸಿ ಹೊಸದು ಹಾಕುವವರು ಎರಡು ವೈರು ಅದಲುಬದಲು ಮಾಡಬಾರದು; ಸಿಗ್ನಲ್ ತಲೆಕೆಳಗಾಗಿ ಟೈಮಿಂಗ್ ತಪ್ಪುತ್ತದೆ, ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಕೋಡ್ ಅಳಿಸಿ, ಸಂಪಾಜೆಗೆ ಇಳಿದು, ಎಸಿ ಹಾಕಿಕೊಂಡು ಅದೇ ಏರು ಹತ್ತಿದೆ. ಮಡಿಕೇರಿಯಲ್ಲಿ ಆಫ್ ಮಾಡಿ, ಬಾನೆಟ್ ತೆರೆಯದೆ ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದಾಗ ಸ್ಕ್ಯಾನರಿನಲ್ಲಿ 210 ಆರ್‌ಪಿಎಂ ಬಂದು ಇಂಜಿನ್ ಹಿಡಿಯಿತು.