ಬ್ಯಾಟರಿ ಕೂಡಿಸುವ ಮೊದಲು ಸೋಲಾರ್ ಪ್ಲೇಟು ನೋಡಿ, ಜಾಗ ನೋಡಿ

ಬೇಸಿಗೆಯಲ್ಲಿ ಕಲಬುರಗಿ, ಯಾದಗಿರಿ ಕಡೆ ರಾತ್ರಿ ಕರೆಂಟ್ ಹೋದರೆ ಫ್ಯಾನು, ಕೂಲರ್ ಎರಡೂ ಸೋಲಾರ್ ಇನ್ವರ್ಟರ್ ಮೇಲೆ ಬೀಳುತ್ತವೆ. ನಡುರಾತ್ರಿಗೆ ಇನ್ವರ್ಟರ್ ಕೂಗತೊಡಗಿದರೆ ಇನ್ನೆರಡು ಬ್ಯಾಟರಿ ತಂದು ಕೂಡಿಸೋಣ ಅನಿಸುವುದು ಸಹಜ. ಆದರೆ ನಮ್ಮ ಭಾಗದಲ್ಲಿ ಬ್ಯಾಟರಿ ಬೇಗ ಕೆಡುವುದಕ್ಕೆ ದೊಡ್ಡ ಕಾರಣಗಳು ಎರಡು: ದಿನವೂ ಪೂರ್ತಿ ತುಂಬದಿರುವುದು ಮತ್ತು ಸೆಕೆ. ಇವೆರಡಕ್ಕೂ ದಾರಿ ಮಾಡದೆ ಸಂಖ್ಯೆ ಹೆಚ್ಚಿಸಿದರೆ ಹೊಸ ಬ್ಯಾಟರಿಯೂ ಹಳೆಯದರ ಹಾದಿ ಹಿಡಿಯುತ್ತದೆ.

ಮೊದಲು ರಾತ್ರಿಯ ಲೆಕ್ಕ. ಮೂರು ಹಳೆಯ ಫ್ಯಾನು, ತಲಾ 75 ವ್ಯಾಟ್, ಎಂಟು ಗಂಟೆ: 1.8 ಯೂನಿಟ್. 180 ವ್ಯಾಟ್‌ನ ಕೂಲರ್ ಏಳು ಗಂಟೆ: ಸುಮಾರು 1.3. ಫ್ರಿಜ್ಜಿಗೆ ಅರ್ಧ ಯೂನಿಟ್, ದೀಪ ಮತ್ತು ವೈಫೈಗೆ 0.3. ಒಟ್ಟು 3.9 ಯೂನಿಟ್. ಈಗ ಬ್ಯಾಟರಿ ಕಡೆ ನೋಡಿ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಸೀಸದ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇರುತ್ತದೆ. ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ತೆಗೆಯಬೇಕು, ಅದರಲ್ಲೂ ಇನ್ವರ್ಟರ್ ಒಂದಿಷ್ಟು ತಿನ್ನುತ್ತದೆ. ಕೈಗೆ ಸಿಗುವುದು 0.75 ಯೂನಿಟ್ ಆಸುಪಾಸು. ಅದೇ ಮೂರು ಫ್ಯಾನುಗಳನ್ನು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನಿಗೆ ಬದಲಾಯಿಸಿದರೆ ರಾತ್ರಿಗೆ ಒಂದು ಯೂನಿಟ್ ಉಳಿಯುತ್ತದೆ. ಅಂದರೆ ಒಂದು ಬ್ಯಾಟರಿ ಕೊಡುವುದಕ್ಕಿಂತ ಹೆಚ್ಚು. ಫ್ಯಾನಿಗೆ ಡಿಸ್ಟಿಲ್ಡ್ ನೀರು ಹಾಕುವ ಕೆಲಸವೂ ಇಲ್ಲ. ನಮ್ಮ ಸಲಹೆ ಇದು: ಮೊದಲ ಖರ್ಚು ಫ್ಯಾನಿಗೆ, ಆಮೇಲೆ ಬ್ಯಾಟರಿಗೆ. ಊರೊಳಗಿನ ಮನೆಯಾದರೆ ಕರೆಂಟ್ ಹೋಗುವ ಗಂಟೆಗಳನ್ನಷ್ಟೇ ಎಣಿಸಿದರೆ ಸಾಕು. ಲೈನ್ ಇಲ್ಲದ ಹೊಲದ ಮನೆಗೆ ಇಡೀ ರಾತ್ರಿ ಎಣಿಸಿ.

ಮಾಳಿಗೆ ಮೇಲಿರುವುದು ನೆಟ್ ಮೀಟರ್ ಇರುವ ಆನ್-ಗ್ರಿಡ್ ಇನ್ವರ್ಟರ್ (ಬ್ಯಾಟರಿಯಿಲ್ಲದೆ ನೇರ ಲೈನಿಗೆ ಜೋಡಿಸಿದ್ದು) ಆಗಿದ್ದರೆ ಅದಕ್ಕೆ ಬ್ಯಾಟರಿ ಕೂಡಿಸಲು ಬರುವುದಿಲ್ಲ. ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಲೈನ್ ಹೋದೊಡನೆ ಅದೂ ನಿಲ್ಲುತ್ತದೆ, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಸಲೆಂದೇ ಹಾಗೆ ಮಾಡಿರುತ್ತಾರೆ. ಲೈನ್, ಬ್ಯಾಟರಿ ಎರಡರ ಜೊತೆಗೂ ನಡೆಯುವ ಹೈಬ್ರಿಡ್ ಇನ್ವರ್ಟರ್ ಬೇಕು, ಮತ್ತು ಆ ಬದಲಾವಣೆಯನ್ನು ಜೆಸ್ಕಾಂಗೆ ತಿಳಿಸಿಯೇ ಮಾಡಬೇಕು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ ಪ್ಲೇಟುಗಳ ಕಿಲೋವ್ಯಾಟ್ ಮೇಲೆ ಸಿಗುವಂಥದ್ದು. ಬ್ಯಾಟರಿ ಖರ್ಚನ್ನು ಬೇರೆಯೇ ಇಟ್ಟುಕೊಳ್ಳಿ.

ತುಂಬುವ ಲೆಕ್ಕ

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಲೇಟು ಒಳ್ಳೆಯ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಮಳೆಗಾಲದ ಮೋಡದಲ್ಲಿ ಬಹಳ ಇಳಿಯುತ್ತದೆ. ಬಿಸಿಲು ಜಾಸ್ತಿಯಾದಷ್ಟೂ ಕರೆಂಟ್ ಜಾಸ್ತಿ ಅನ್ನುವುದು ಪೂರ್ತಿ ನಿಜವಲ್ಲ. ಮೇ ತಿಂಗಳಲ್ಲಿ ಪ್ಲೇಟಿನ ಮೈ 65 ಡಿಗ್ರಿ ದಾಟಿದಾಗ ಸುಮಾರು ಏಳನೇ ಒಂದು ಪಾಲು ಉತ್ಪಾದನೆ ಸೆಕೆಗೇ ಹೋಗುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆ ಕಲ್ಲಿನ ಪುಡಿ, ಸಿಮೆಂಟ್ ಧೂಳು ಕೂತರೆ ಇನ್ನಷ್ಟು ಇಳಿಕೆ. ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಒರೆಸಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ.

ಉದಾಹರಣೆಗೆ 24 ವೋಲ್ಟ್ ಇನ್ವರ್ಟರ್, 150 ಎಎಚ್‌ನ ಎರಡು ಬ್ಯಾಟರಿ, 325 ವ್ಯಾಟ್‌ನ ಎರಡು ಪ್ಲೇಟು ಇವೆ ಎನ್ನಿ. ಪ್ಲೇಟು ದಿನಕ್ಕೆ 2.6 ಯೂನಿಟ್ ಕೊಡುತ್ತವೆ. ಎರಡೂ ಬ್ಯಾಟರಿಯಿಂದ ಅರ್ಧರ್ಧ ತೆಗೆದ 1.8 ಯೂನಿಟ್ ಮರಳಿ ತುಂಬಲು 2.25 ಯೂನಿಟ್ ಬೇಕು, ಯಾಕೆಂದರೆ ಸೀಸದ ಬ್ಯಾಟರಿ ತುಂಬುವಾಗ ಐದರಲ್ಲೊಂದು ಪಾಲು ಪೋಲಾಗುತ್ತದೆ. ಈಗಲೇ ಸರಿಸಮ. ಇದಕ್ಕೆ ಮತ್ತೆರಡು ಬ್ಯಾಟರಿ ಕೂಡಿಸಿದರೆ ತುಂಬಲು 4.5 ಯೂನಿಟ್ ಬೇಕು, ಹಗಲಿನ ಲೋಡಿಗೆ ಇನ್ನೆರಡು. ಹೀಗೆ 6.5 ಯೂನಿಟ್‌ಗೆ ಕನಿಷ್ಠ 1.6 ಕಿಲೋವ್ಯಾಟ್, ಮಳೆಗಾಲ ನೆನೆದರೆ 2 ಕಿಲೋವ್ಯಾಟ್ ಪ್ಲೇಟು ಬೇಕು. ಅರ್ಧ ತುಂಬಿದ ಸ್ಥಿತಿಯಲ್ಲೇ ವಾರಗಟ್ಟಲೆ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿ ಹರಳಾಗಿ ಕೂಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕಳೆದ ಸಾಮರ್ಥ್ಯ ಪೂರ್ತಿ ಮರಳದು. ಪ್ಲೇಟು ಹೆಚ್ಚಿಸಲು ಜಾಗವಿಲ್ಲದಿದ್ದರೆ ಮೋಡದ ದಿನಗಳಲ್ಲಾದರೂ ಲೈನ್ ಕರೆಂಟಿನಿಂದ ತುಂಬುವಂತೆ ಇನ್ವರ್ಟರ್ ಸೆಟ್ ಮಾಡಿ.

ಪ್ಲೇಟುಗಳನ್ನು ಸಾಲಾಗಿ ಕೂಡಿಸುವಾಗ ಚಾರ್ಜರ್‌ನ ಗರಿಷ್ಠ ವೋಲ್ಟೇಜ್ ಮರೆಯಬೇಡಿ. ಚಳಿಯಲ್ಲಿ ಪ್ಲೇಟಿನ ವೋಲ್ಟೇಜ್ ಏರುತ್ತದೆ. ಬೀದರ್‌ನ ಡಿಸೆಂಬರ್ ಬೆಳಗು 10 ಡಿಗ್ರಿಯ ಹತ್ತಿರ ಇಳಿದಾಗ ಸುಮಾರು ನೂರಕ್ಕೆ ಐದರಷ್ಟು ಹೆಚ್ಚು ಬರುತ್ತದೆ. ಹತ್ತರಷ್ಟು ಅಂತರ ಬಿಟ್ಟರೆ ಚಾರ್ಜರ್ ಸುಡುವ ಭಯವಿಲ್ಲ.

ಹಳೆಯದಕ್ಕೆ ಹೊಸದು ಕೂಡಿಸಬಹುದೇ

ಹಳೆಯ ಬ್ಯಾಟರಿಗೆ ವರ್ಷ ತುಂಬಿಲ್ಲ, ಹೊಸದೂ ಅದೇ ಕಂಪನಿ, ಅದೇ ಮಾಡೆಲ್, ಅದೇ ಎಎಚ್ ಅಂದರೆ ಸರಿ. 24 ವೋಲ್ಟ್‌ಗೆ ಜೋಡಿಯಾಗಿ, 48 ವೋಲ್ಟ್‌ಗೆ ನಾಲ್ಕು ನಾಲ್ಕಾಗಿಯೇ ಬರಬೇಕು. ಅದಕ್ಕೂ ಮೊದಲು ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು, ಹೈಡ್ರೋಮೀಟರ್‌ನಿಂದ ಪ್ರತಿ ಸೆಲ್‌ನ ಆಸಿಡ್ ಸಾಂದ್ರತೆ ಅಳೆಯಿರಿ. ಟ್ಯೂಬುಲರ್‌ನಲ್ಲಿ ಸಾಮಾನ್ಯವಾಗಿ 1.240ರ ಹತ್ತಿರ ಇರುತ್ತದೆ. ನಿಮ್ಮ ಬ್ಯಾಟರಿಯ ಚೀಟಿಯಲ್ಲಿ ಬರೆದ ಅಂಕಿಯೇ ಕೊನೆ ಮಾತು. ಸೆಲ್‌ನಿಂದ ಸೆಲ್‌ಗೆ 0.030ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಬ್ಯಾಟರಿ ಹೊಸದರ ಪಕ್ಕ ಕೂಡಲು ಯೋಗ್ಯವಲ್ಲ. ಎರಡು ಮೂರು ವರ್ಷದ ಬ್ಯಾಟರಿ ಇದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುವುದೇ ಲೇಸು. ಹಳೆಯವನ್ನು ಅಂಗಡಿಗೇ ಮರಳಿಸಿ ಬೆಲೆಯಲ್ಲಿ ಕಳೆಯಿಸಿಕೊಳ್ಳಿ. ಆಸಿಡ್ ಮೋರಿಗೆ ಚೆಲ್ಲುವ ಗುಜರಿಯವರ ಕೈಗೆ ಕೊಡಬೇಡಿ.

ಲಿಥಿಯಂ ಬ್ಯಾಟರಿಯನ್ನು ಸೀಸದ ಬ್ಯಾಟರಿಯ ಜೊತೆ ಒಂದೇ ಸಾಲಿಗೆ ಕಟ್ಟಲೇಬೇಡಿ, ಎರಡರ ಚಾರ್ಜಿಂಗ್ ವೋಲ್ಟೇಜ್ ಬೇರೆ. ಪೂರ್ತಿ ಲಿಥಿಯಂಗೆ ಹೋಗುವುದಾದರೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯದನ್ನೇ ಕೇಳಿ. 24 ವೋಲ್ಟ್ ಇನ್ವರ್ಟರ್‌ಗೆ 25.6 ವೋಲ್ಟ್ 200 ಎಎಚ್, 48ಕ್ಕೆ 51.2 ವೋಲ್ಟ್ 100 ಎಎಚ್. ಎರಡರಲ್ಲೂ 5.12 ಯೂನಿಟ್ ಇದ್ದು, ನೂರಕ್ಕೆ ಎಂಬತ್ತರಷ್ಟು ತೆಗೆದರೂ, ಇನ್ವರ್ಟರ್ ತಿನ್ನುವುದನ್ನು ಕಳೆದು ಮನೆಗೆ 3.6 ಯೂನಿಟ್ ಸಿಗುತ್ತದೆ. ಇನ್ವರ್ಟರ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಎರಡು ಲಿಥಿಯಂ ಪ್ಯಾಕ್ ಜೋಡಿಸುವಾಗ ಒಂದೊಂದನ್ನೂ ಬೇರೆಬೇರೆ ಪೂರ್ತಿ ತುಂಬಿಸಿ, ವೋಲ್ಟೇಜ್ ಸಮ ಬಂದ ಮೇಲೆಯೇ ಕೂಡಿಸಿ. ಇಲ್ಲವಾದರೆ ತುಂಬಿದ್ದರಿಂದ ಖಾಲಿಯದಕ್ಕೆ ಒಮ್ಮೆಲೇ ಕರೆಂಟ್ ನುಗ್ಗಿ ಪ್ಯಾಕ್‌ನೊಳಗಿನ ಕಾವಲು ಸರ್ಕ್ಯೂಟ್ ಬಿಎಂಎಸ್ ಕಡಿದುಕೊಳ್ಳುತ್ತದೆ.

ಜಾಗ

ಸೀಸದ ಬ್ಯಾಟರಿ 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧ ಆಯುಷ್ಯ ಕಳೆದುಕೊಳ್ಳುತ್ತದೆ. ಮಾಳಿಗೆ ಮೇಲಿನ ತಗಡಿನ ಶೆಡ್ಡಿನಲ್ಲಿ ಇಟ್ಟರೆ ಬೇಸಿಗೆ ಒಂದೇ ಸಾಕು. ಲಿಥಿಯಂ ಕೂಡ ಅಲ್ಲಿ ಉಳಿಯದು, ಸೆಲ್ ಸೆಕೆ ಮಿತಿ ದಾಟಿದರೆ ಬಿಎಂಎಸ್ ಮಧ್ಯಾಹ್ನವೇ ಚಾರ್ಜಿಂಗ್ ನಿಲ್ಲಿಸುತ್ತದೆ. ನೆಲಮಾಳಿಗೆಯ ಅಥವಾ ಕೆಳಮನೆಯ ಉತ್ತರದ ಕೋಣೆ ಒಳ್ಳೆಯದು. ಶಹಾಬಾದಿ ಪರಸಿ ಹಾಸಿದ ತಂಪು ನೆಲವಿದ್ದರೆ ಅದರ ಮೇಲೆ ಕಟ್ಟಿಗೆಯ ಸ್ಟ್ಯಾಂಡ್ ಇಟ್ಟು, ಗೋಡೆಯಿಂದ ಗೇಣು ದೂರ, ಬ್ಯಾಟರಿಗಳ ನಡುವೆ ಎರಡು ಬೆರಳು ಸಂದು ಬಿಡಿ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದು ಹಗುರವಾದ ಅನಿಲ. ಆದ್ದರಿಂದ ಗಾಳಿಕಿಂಡಿ ಮೇಲ್ಗಡೆ ಇರಬೇಕು. ದೇವರ ಕೋಣೆ, ಅಡುಗೆಮನೆ ಪಕ್ಕ ಬೇಡ.

ಜೋಡಿಸುವುದು

24 ವೋಲ್ಟ್‌ನಲ್ಲಿ 2 ಕಿಲೋವ್ಯಾಟ್ ಎಳೆದರೆ ಬ್ಯಾಟರಿಯಿಂದ ನೂರು ಆಂಪಿಯರ್‌ನಷ್ಟು ಹರಿಯುತ್ತದೆ. 35 ಚದರ ಮಿಮೀ ತಾಮ್ರದ ಫ್ಲೆಕ್ಸಿಬಲ್ ಕೇಬಲ್ ಬಳಸಿ, ಒಂದೂವರೆ ಮೀಟರ್ ಒಳಗೆ ಮುಗಿಸಿ, ಕೇಬಲ್ ತುದಿಯ ಲಗ್‌ಗಳನ್ನು ಕ್ರಿಂಪಿಂಗ್ ಉಪಕರಣದಿಂದಲೇ ಒತ್ತಿಸಿ. ಸುತ್ತಿಗೆಯಿಂದ ಹೊಡೆದ ಲಗ್ ಕಾಯುತ್ತದೆ. 125 ಆಂಪಿಯರ್ ಡಿಸಿ ಫ್ಯೂಸ್ ಬ್ಯಾಟರಿಯ ಪಾಸಿಟಿವ್ ಹತ್ತಿರವೇ ಇರಲಿ. ಮನೆಯ ಎಸಿ ಎಂಸಿಬಿ ಇಲ್ಲಿ ನಡೆಯದು, ಡಿಸಿ ಕಿಡಿಯನ್ನು ಆರಿಸುವ ಶಕ್ತಿ ಅದಕ್ಕಿಲ್ಲ.

ಎರಡು ಸಾಲುಗಳನ್ನು ಸಮಾಂತರವಾಗಿ ಕೂಡಿಸಿದಾಗ ಇನ್ವರ್ಟರ್‌ನ ಪಾಸಿಟಿವ್ ಒಂದು ಸಾಲಿನಿಂದ, ನೆಗೆಟಿವ್ ಇನ್ನೊಂದು ಸಾಲಿನಿಂದ ಹೊರಡಬೇಕು. ಎರಡನ್ನೂ ಒಂದೇ ಸಾಲಿನಿಂದ ತೆಗೆದರೆ ಹತ್ತಿರದ ಸಾಲು ಹೆಚ್ಚು ದುಡಿದು ಮೊದಲು ಸೋಲುತ್ತದೆ. ನಡುವಿನ ತುಂಡು ಕೇಬಲ್‌ಗಳೂ ಒಂದೇ ಉದ್ದ, ಒಂದೇ ದಪ್ಪ ಇರಲಿ.

ಕೆಲಸದ ದಿನ ಉಂಗುರ, ಕೈಗಡಿಯಾರ ತೆಗೆದಿಡಿ, ಸ್ಪ್ಯಾನರ್ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಕನ್ನಡಕ ಹಾಕಿಕೊಳ್ಳಿ. ಮೊದಲು ಮನೆಯ ಲೋಡ್ ಆಫ್, ಆಮೇಲೆ ಲೈನ್, ಆಮೇಲೆ ಪ್ಲೇಟಿನ ಐಸೊಲೇಟರ್ ಸ್ವಿಚ್, ಕೊನೆಗೆ ಬ್ಯಾಟರಿ. ಮರಳಿ ಜೋಡಿಸುವಾಗ ತಿರುಗು ಕ್ರಮ: ಬ್ಯಾಟರಿ ಮೊದಲು, ಪ್ಲೇಟು ನಂತರ. ಬ್ಯಾಟರಿ ಇಲ್ಲದೆ ಪ್ಲೇಟು ಕೊಟ್ಟರೆ ಕೆಲವು ಚಾರ್ಜರ್ ವೋಲ್ಟೇಜ್ ತಪ್ಪಾಗಿ ಗುರುತಿಸುತ್ತವೆ, ಕೆಲವು ಕೆಟ್ಟೇ ಹೋಗುತ್ತವೆ. ಕೊನೆಯ ಲಗ್ ಕೂಡಿಸುವ ಮೊದಲು ಮಲ್ಟಿಮೀಟರ್‌ನಲ್ಲಿ ಪಾಸಿಟಿವ್, ನೆಗೆಟಿವ್ ಖಚಿತ ಮಾಡಿ. ಬಿಗಿದ ಮೇಲೆ ಟರ್ಮಿನಲ್‌ಗೆ ವ್ಯಾಸಲಿನ್ ಸವರಿ. ಆಸಿಡ್ ನೆಲಕ್ಕೆ ಚೆಲ್ಲಿದರೆ ಅಡುಗೆ ಸೋಡಾ ಹಾಕಿ, ಮೈಗೆ ಬಿದ್ದರೆ ನೀರು ಸುರಿಯುತ್ತಲೇ ಇರಿ. ಮೇನ್ ಬೋರ್ಡಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಲಿ. ಅರ್ಥಿಂಗ್ ಅಳೆಯಿಸಲು ಅವರಿಗೇ ಹೇಳಿ. ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ಪೈಪಿನ ಹಿಡಿತ ಸಡಿಲವಾಗುತ್ತದೆ, ಗುಂಡಿಗೆ ನೀರು ಹಾಕುತ್ತಿರಬೇಕು.

ಸೆಟ್ಟಿಂಗ್ ಬದಲಿಸದೆ ಬಿಟ್ಟರೆ ಇಷ್ಟೆಲ್ಲ ವ್ಯರ್ಥ. 24 ವೋಲ್ಟ್ ಟ್ಯೂಬುಲರ್‌ಗೆ ಬೂಸ್ಟ್ (ತುಂಬುವ ವೋಲ್ಟೇಜ್) 28.8, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 27.2 ಸುತ್ತಮುತ್ತ. ಕೋಣೆ 40 ಡಿಗ್ರಿ ಇದ್ದರೆ ಬೂಸ್ಟ್ 28.1ಕ್ಕೆ ಇಳಿಸಿ, ಇಲ್ಲವೇ ಟೆಂಪರೇಚರ್ ಸೆನ್ಸರ್ ವೈರನ್ನು ಬ್ಯಾಟರಿ ಮೈಗೆ ಅಂಟಿಸಿ. ಇಳಿಸದಿದ್ದರೆ ನೀರು ಕುದಿದಂತೆ ಖಾಲಿಯಾಗುತ್ತದೆ. ಚಾರ್ಜಿಂಗ್ ಕರೆಂಟ್ ಒಟ್ಟು ಎಎಚ್‌ನ ಹತ್ತನೇ ಒಂದು: 300 ಎಎಚ್‌ಗೆ 30 ಆಂಪಿಯರ್. 25.6 ವೋಲ್ಟ್ ಎಲ್‌ಎಫ್‌ಪಿಗೆ ಬೂಸ್ಟ್ 28ರಿಂದ 28.4, ಫ್ಲೋಟ್ 27, ಲೋ ಕಟ್ (ಇನ್ವರ್ಟರ್ ನಿಲ್ಲುವ ಮಟ್ಟ) 24. ಈಕ್ವಲೈಸ್ (ಸೀಸದ ಬ್ಯಾಟರಿಗೆ ಕೊಡುವ ಹೆಚ್ಚುವರಿ ಚಾರ್ಜ್) ಆಫ್ ಇರಲೇಬೇಕು.

ಕೊನೆಗೆ ಪರೀಕ್ಷೆ. ಬ್ಯಾಟರಿ ಮೇಲೆ ಒಂದು ಕಿಲೋವ್ಯಾಟ್ ಲೋಡ್ ಹಾಕಿ ಡಿಸಿ ಕ್ಲ್ಯಾಂಪ್ ಮೀಟರ್‌ನಿಂದ ಎರಡೂ ಸಾಲು ನೋಡಿ. ಒಂದರಲ್ಲಿ 30, ಇನ್ನೊಂದರಲ್ಲಿ 15 ಆಂಪಿಯರ್ ಹರಿದರೆ ಲಗ್ ಸಡಿಲವೋ ಸೆಲ್ ಕೆಟ್ಟಿದೆಯೋ ಹುಡುಕಿ. ಬ್ಯಾಟರಿ ತುದಿಗೂ ಇನ್ವರ್ಟರ್ ತುದಿಗೂ ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೇಬಲ್ ಸಣ್ಣದು ಅಥವಾ ಲಗ್ ಕೆಟ್ಟದ್ದು. ಒಂದು ವಾರದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಮಾರ್ಚ್‌ನಿಂದ ಜೂನ್‌ವರೆಗೆ ಹದಿನೈದು ದಿನಕ್ಕೊಮ್ಮೆ ನೀರಿನ ಮಟ್ಟ ನೋಡಿ, ಡಿಸ್ಟಿಲ್ಡ್ ನೀರನ್ನೇ ಹಾಕಿ. ನಮ್ಮ ಬೋರ್‌ವೆಲ್ ನೀರು ಗಡುಸು, ಆರ್‌ಒ ಮಷಿನ್‌ನ ಕುಡಿಯುವ ನೀರಿನಲ್ಲೂ ಲವಣ ಉಳಿದಿರುತ್ತದೆ. ಎರಡೂ ಬ್ಯಾಟರಿಗೆ ಸಲ್ಲವು.