ಸತ್ತ ಬ್ಯಾಟರಿಯ ಪೋಕೆಮಾನ್ ಎಮರಾಲ್ಡ್: ಬಿಚ್ಚಿದ್ದು, ಆಡಿದ್ದು, ಬೈದದ್ದು

ನನ್ನದು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಚಿಕ್ಕ ಮೊಬೈಲ್ ರಿಪೇರಿ ಅಂಗಡಿ. ಒಡೆದ ಡಿಸ್‌ಪ್ಲೇ, ಸಡಿಲಾದ ಚಾರ್ಜಿಂಗ್ ಪಿನ್, ನೀರಿಗೆ ಬಿದ್ದ ಸೆಟ್, ಇಷ್ಟೇ ನನ್ನ ಲೋಕ. ಎರಡು ಬೇಸಿಗೆ ಹಿಂದೆ ಅಕ್ಕನ ಮಗ ಸೇಡಂನಿಂದ ರಜೆಗೆ ಬಂದ. ಬರುವಾಗ ಕೈಯಲ್ಲಿ ಒಂದು ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ, ಕೈಯಲ್ಲಿ ಹಿಡಿದು ಆಡುವ ಹಳೇ ವಿಡಿಯೋ ಗೇಮ್ ಯಂತ್ರ. ಹೈದರಾಬಾದಿನಲ್ಲಿ ಪರಿಚಯದವರು ಯಾರೋ ಮನೆ ಖಾಲಿ ಮಾಡುವಾಗ ಅವನ ಅಪ್ಪನಿಗೆ ಕೊಟ್ಟಿದ್ದಂತೆ. ಒಳಗೆ ಆಟ ತುಂಬಿದ ಹಸಿರು ಕಾರ್ಟ್ರಿಜ್, ಪೋಕೆಮಾನ್ ಎಮರಾಲ್ಡ್: ಪೋಕೆಮಾನ್ ಅನ್ನುವ ಪ್ರಾಣಿಗಳನ್ನು ಹಿಡಿದು, ಬೆಳೆಸಿ, ಕಾದಾಡಿಸುವ ಆಟ.

"ಮಾಮಾ, ಆಟ ಚಾಲೂ ಆಗ್ತದ, ಆದ್ರ ಪ್ರತಿ ಸಲ ಏನೋ ಬರೀತದ ನೋಡ್ರಿ," ಅಂದ.

ಬರೆದದ್ದು ಇಷ್ಟು: ಒಳಗಿನ ಬ್ಯಾಟರಿ ಮುಗಿದಿದೆ, ಆಟ ಆಡಬಹುದು, ಆದರೆ ಗಡಿಯಾರಕ್ಕೆ ಕಟ್ಟಿಕೊಂಡ ಯಾವುದೂ ಇನ್ನು ನಡೆಯುವುದಿಲ್ಲ. 2004ರಲ್ಲಿ ಜಪಾನಿನಲ್ಲಿ ಬಂದ ಆಟ ಇದು, ಮರುವರ್ಷ ಅಮೆರಿಕಕ್ಕೆ ಬಂತು. ಇಪ್ಪತ್ತು ವರ್ಷಕ್ಕೆ ಒಂದು ಬಿಲ್ಲೆ ಬ್ಯಾಟರಿ ಸತ್ತರೆ ಅದರ ತಪ್ಪೇನಿಲ್ಲ ಬಿಡಿ. ನನಗೆ ಆಟದ ಹುಚ್ಚು ಇರಲಿಲ್ಲ, ಬಿಚ್ಚುವ ಹುಚ್ಚು ಇತ್ತು. ಹಾಗೆ ಶುರುವಾಯಿತು.

ಮೊದಲು ಅಸಲಿಯೋ ನಕಲಿಯೋ ನೋಡಬೇಕು. ಅಸಲಿ ಎಮರಾಲ್ಡ್‌ನ ಕವಚ ಹಸಿರು, ಒಳಗಿನ ಬೋರ್ಡ್ ಮಸುಕಾಗಿ ಕಾಣುವಷ್ಟು ಪಾರದರ್ಶಕ. ಸ್ಕ್ರೂ ಮೂರು ಮೂಲೆಯದು, ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. ಬಲವಂತ ಮಾಡಿದರೆ ತಲೆ ಸವೆದುಹೋಗುತ್ತದೆ, ಆಮೇಲೆ ದೇವರೇ ಗತಿ. ಇದು ಅಸಲಿಯೇ ಇತ್ತು. ಬಿಚ್ಚಿದರೆ ಒಳಗೆ ಸಿಆರ್1616 ಬಿಲ್ಲೆ, ಎರಡು ಕಡೆ ತಗಡಿನ ಕಾಲು ಹಚ್ಚಿ ಬೋರ್ಡಿಗೆ ಬೆಸುಗೆ ಹಾಕಿದ್ದು. ಮಲ್ಟಿಮೀಟರ್ ಇಟ್ಟರೆ ಒಂದು ವೋಲ್ಟ್ ಕೂಡ ಇಲ್ಲ.

ನೀವೂ ಮಾಡುವುದಾದರೆ ಕೇಳಿ. ಸಿಆರ್2032 ಎಲ್ಲಾ ಕಡೆ ಸಿಗುತ್ತದೆ ಅಂತ ಅದನ್ನೇ ತುರುಕಬೇಡಿ, ಅಗಲವೂ ಜಾಸ್ತಿ, ದಪ್ಪವೂ ಜಾಸ್ತಿ, ಕವಚ ಮುಚ್ಚುವುದೇ ಇಲ್ಲ. ಕಾಲಿರುವ ಸಿಆರ್1616 ಅನ್ನೇ ತರಿಸಿ. ಬರೀ ಬಿಲ್ಲೆಯ ಮೇಲೆ ನೇರವಾಗಿ ಸೋಲ್ಡರಿಂಗ್ ಐರನ್ ಇಟ್ಟರೆ ಬ್ಯಾಟರಿ ಕಾಯ್ದು ಉಬ್ಬುತ್ತದೆ. ತೆಗೆಯುವ ಮೊದಲು ಪ್ಲಸ್ ಯಾವ ಕಡೆ ಅಂತ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಹದಿನೈದು ವರ್ಷದ ಕಸುಬು ಅಂತ ನಾನು ಜಂಬದಲ್ಲಿ ಐರನ್ ಸ್ವಲ್ಪ ಜಾಸ್ತಿ ಹೊತ್ತು ಒತ್ತಿದೆ, ಬೋರ್ಡಿನ ಪ್ಯಾಡ್ ಒಂದು ಮೂಲೆ ಎದ್ದೇಬಿಟ್ಟಿತು. ಎದುರಿಗೆ ಹುಡುಗ ಉಸಿರು ಬಿಗಿ ಹಿಡಿದು ನಿಂತಿದ್ದಾನೆ! ಫ್ಲಕ್ಸ್ ಹಚ್ಚಿ, ಸಣ್ಣ ತಂತಿ ಜೋಡಿಸಿ ಹೇಗೋ ಉಳಿಸಿಕೊಂಡೆ. ಒಂದು ಸಮಾಧಾನ ಏನೆಂದರೆ ಈ ಆಟದಲ್ಲಿ ಸೇವ್, ಅಂದರೆ ಅಲ್ಲಿವರೆಗೆ ಆಡಿ ಉಳಿಸಿಟ್ಟದ್ದು, ಇರುವುದು ಫ್ಲ್ಯಾಶ್ ಮೆಮೊರಿಯಲ್ಲಿ, ಬ್ಯಾಟರಿ ತೆಗೆದರೂ ಹೋಗುವುದಿಲ್ಲ. ಇದಕ್ಕಿಂತ ಹಿಂದಿನ ಪೋಕೆಮಾನ್ ಗೋಲ್ಡ್, ಸಿಲ್ವರ್ ಕಾರ್ಟ್ರಿಜ್‌ಗಳಲ್ಲಿ ಬ್ಯಾಟರಿ ಸತ್ತರೆ ಸೇವ್ ಕೂಡ ಸತ್ತ ಹಾಗೆಯೇ.

ಬರಹ ಮಾಯವಾಯಿತು. ಹುಡುಗ ಕುಣಿದ. ಆಟದೊಳಗೆ ಗಡಿಯಾರದ ಲೆಕ್ಕದಲ್ಲಿ ಬೆಳೆಯುವ ಬೆರ್ರಿ ಹಣ್ಣಿನ ಗಿಡ ನೆಟ್ಟ, ನೀರು ಹಾಕಿದ, ಮಾರನೇ ದಿನ ನೋಡಿದರೆ ಅಲ್ಲಾಡಿಲ್ಲ. ಮೂರನೇ ದಿನವೂ ಇಲ್ಲ. ತಲೆ ಕೆಡಿಸಿಕೊಂಡು ಕೂತಾಗ ಹೊಳೆಯಿತು. ಹೊಸ ಬ್ಯಾಟರಿ ಹಾಕಿದಾಗ ಚಿಪ್ಪಿನ ಗಡಿಯಾರ ಮೊದಲಿನಿಂದ ಎಣಿಸಲು ಶುರು ಮಾಡಿದೆ, ಆದರೆ ಹಳೇ ಸೇವ್ ಒಳಗೆ ಹಳೇ ಮಾಲೀಕರು ವರ್ಷಗಟ್ಟಲೆ ಆಡಿದ ಸಮಯ ಕೂತಿದೆ. ಗಡಿಯಾರ ಆ ಸಮಯವನ್ನು ದಾಟುವವರೆಗೆ ಗಿಡ ಬೆಳೆಯುವುದಿಲ್ಲ. ಅಂದರೆ ವರ್ಷಗಟ್ಟಲೆ ಕಾಯಬೇಕು, ಇಲ್ಲಾ ಹೊಸ ಆಟ ಶುರು ಮಾಡಬೇಕು. ಯಾರೋ ಕಷ್ಟಪಟ್ಟು ಆಡಿದ್ದ ಇನ್ನೂರು ಗಂಟೆಯ ಸೇವ್ ಅದು. ಅಳಿಸುವಾಗ ಸ್ವಲ್ಪ ಹೊಟ್ಟೆ ಚುರ್ ಅಂದಿತು. ಅಳಿಸಿದ್ದು ನಾನೇ. ರಜೆ ಮುಗಿದು ಹುಡುಗ ಊರಿಗೆ ಹೋಗುವಾಗ, "ನೀವೇ ಆಡ್ರಿ ಮಾಮಾ, ದಸರಾಕ್ಕ ಬಂದು ನೋಡ್ತೀನಿ," ಅಂತ ಆಟ ಇಲ್ಲೇ ಬಿಟ್ಟ.

ಹೀಗೆ ನಲವತ್ತರ ಅಂಚಿನಲ್ಲಿ ನಾನು ಪೋಕೆಮಾನ್ ಹಿಡಿಯಲು ಹೊರಟೆ. ಮಧ್ಯಾಹ್ನ ಎರಡರಿಂದ ನಾಲ್ಕು ನಮ್ಮ ಊರಲ್ಲಿ ನಾಯಿ ಕೂಡ ರಸ್ತೆಗೆ ಇಳಿಯದ ಬಿಸಿಲು, 43 ಡಿಗ್ರಿ. ಗಿರಾಕಿ ಇಲ್ಲ. ಕರೆಂಟ್ ಹೋದರೂ ಎಸ್‌ಪಿಗೆ ತನ್ನದೇ ಬ್ಯಾಟರಿ, ತನ್ನದೇ ಬೆಳಕು. ಹೆಡ್‌ಫೋನ್ ತೂತು ಮಾತ್ರ ಇಲ್ಲ, ಯಾವ ಪುಣ್ಯಾತ್ಮನ ಯೋಚನೆಯೋ.

ಮೊದಲ ಪ್ರಾಣಿಯಾಗಿ ಬೆಂಕಿಯ ಕೋಳಿಮರಿ ಟಾರ್ಚಿಕ್ ಆರಿಸಿಕೊಂಡೆ. ಅನುಭವಿಗಳು ನೀರಿನ ಪ್ರಾಣಿ ಮಡ್‌ಕಿಪ್ ತಗೋ ಅನ್ನುತ್ತಾರೆ, ಸುಲಭ ಅಂತ. ಹೌದು, ಸುಲಭವೇ. ಜಿಮ್ ಅಂದರೆ ಇಲ್ಲಿ ಗೆದ್ದು ದಾಟಬೇಕಾದ ಅಖಾಡ; ಮೊದಲ ಜಿಮ್ಮಿನಲ್ಲೇ ಅದರ ಒಡತಿ ರೊಕ್ಸ್ಯಾನ್‌ಳ ಕಲ್ಲಿನ ಪೋಕೆಮಾನ್‌ಗಳು ನನ್ನ ಕೋಳಿಮರಿಯನ್ನು ಎರಡು ಸಲ ಜಜ್ಜಿ ಕಳಿಸಿದವು. ಆದರೆ ಈ ಆಟದ ಜಾಣತನ ಇಲ್ಲಿದೆ. ಟಾರ್ಚಿಕ್ 16ನೇ ಲೆವೆಲ್ಲಿಗೆ ಕೊಂಬಸ್ಕೆನ್ ಆಗುತ್ತದೆ, ಆಗಲೇ ಡಬಲ್ ಕಿಕ್ ಕಲಿಯುತ್ತದೆ, ಕಲ್ಲಿಗೆ ಅದೇ ಮದ್ದು. ಹುಲ್ಲಲ್ಲಿ ಸುಮ್ನೆ ಒಂದು ಗಂಟೆ ಓಡಾಡಿಸಿ ಬೆಳೆಸಿದವನಿಗೆ ಆಟ ತಾನಾಗಿ ದಾರಿ ಬಿಡುತ್ತದೆ.

ಐದನೇ ಜಿಮ್ಮಿನ ನಾರ್ಮನ್ ಇನ್ನೂ ಮಜಾ. ಆಟದ ಕಥೆಯಲ್ಲಿ ಅವನು ನಮ್ಮಪ್ಪನೇ. ಅವನ ಸ್ಲೇಕಿಂಗ್ ಅನ್ನುವ ದೈತ್ಯನ ಹೊಡೆತ ಭಾರೀ, ಆದರೆ ಸೋಮಾರಿ, ಒಂದು ಸರದಿ ಹೊಡೆದರೆ ಮುಂದಿನ ಸರದಿ ಮಲಗುತ್ತಾನೆ. ನಾನು ಕೊಂಬಸ್ಕೆನ್ ಕೈಲಿ ಜೋರಾಗಿ ಒದೆಸಿದೆ. ಅವನ ಹತ್ತಿರ ಕೌಂಟರ್ ಅನ್ನುವ ವಿದ್ಯೆ ಇದೆ, ತಿಂದ ಏಟನ್ನು ಎರಡು ಪಟ್ಟು ವಾಪಸ್ ಕೊಡುತ್ತದೆ. ಒಂದೇ ಏಟಿಗೆ ನನ್ನ ಕೋಳಿ ಮಲಗಿತು. ಆಮೇಲೆ ಲೆಕ್ಕ ಹಾಕಿದೆ: ಅವನು ಏಳುವ ಸರದಿಗೆ ಏಟು ತಡೆಯುವ ಪ್ರೊಟೆಕ್ಟ್, ಮಲಗುವ ಸರದಿಗೆ ಏಟು. ಬಲಕ್ಕಲ್ಲ, ಎಣಿಕೆಗೆ ಸೋಲುವ ಶತ್ರು. ಈ ಥರದ ಜಗಳಗಳೇ ಎಮರಾಲ್ಡ್‌ನ ನಿಜವಾದ ಆಸ್ತಿ ಅಂತ ನನಗೆ ಅನಿಸುವುದು.

ಬೆರ್ರಿ ಬೇಸಾಯವಂತೂ ನನ್ನ ಜೀವಕ್ಕೆ ಹತ್ತಿತು. ಓರನ್ ಹನ್ನೆರಡು ಗಂಟೆ, ಲೆಪ್ಪಾ ಹದಿನಾರು, ಸಿಟ್ರಸ್ ಒಂದು ಪೂರ್ತಿ ದಿನ, ಅದೂ ನಿಜವಾದ ಗಡಿಯಾರದ ಗಂಟೆ. ಪ್ರತಿ ಹಂತದಲ್ಲಿ ನೀರು ಹಾಕಿದರೆ ಕಾಯಿ ಜಾಸ್ತಿ. ಆರು ತಿಂಗಳು ತೊಗರಿ ಕಾಯುವ ಮನೆತನ ನಮ್ಮದು, ಹನ್ನೆರಡು ಗಂಟೆ ಯಾವ ಲೆಕ್ಕ! ಬೆಳಿಗ್ಗೆ ಶಟರ್ ಎತ್ತಿದ ತಕ್ಷಣ ಮೊದಲು ಗಿಡ ನೋಡುವುದು, ಆಮೇಲೆ ಊದಿನಕಡ್ಡಿ. ಅಪ್ಪ ಒಂದು ದಿನ ಅಂಗಡಿಗೆ ಬಂದವರು ಕನ್ನಡಕ ಏರಿಸಿ ನೋಡಿ, "ಹೊಲದಾಗ ಕಾಲಿಡಂಗಿಲ್ಲ, ಡಬ್ಬಿಯೊಳಗ ಒಕ್ಕಲುತನ ಮಾಡ್ಲತ್ತಾನ," ಅಂದರು. ಇದಕ್ಕೂ ಮುಂಚೆ ಬಂದ ರೂಬಿ, ಸಫೈರ್ ಆಟಗಳಲ್ಲಿ ಸುಮಾರು ಒಂದು ವರ್ಷ ಆದಮೇಲೆ ಬೆರ್ರಿ ಬೆಳೆಯುವುದೇ ನಿಲ್ಲುವ ದೋಷ ಇತ್ತು, ಎಮರಾಲ್ಡ್‌ನಲ್ಲಿ ಅದನ್ನು ಸರಿ ಮಾಡಿದ್ದಾರೆ.

ಇನ್ನು ಬೈಗುಳ.

ಒಂದನೆಯದು ಎಚ್‌ಎಂ, ಅಂದರೆ ದಾರಿ ಬಿಡಿಸಿಕೊಳ್ಳಲು ಪೋಕೆಮಾನ್‌ಗೆ ಕಲಿಸಬೇಕಾದ ವಿದ್ಯೆಗಳು. ಗಿಡ ಕಡಿಯಲು ಕಟ್, ಹಾರಲು ಫ್ಲೈ, ಈಜಲು ಸರ್ಫ್, ಬಂಡೆ ತಳ್ಳಲು ಸ್ಟ್ರೆಂತ್, ಮುಳುಗಲು ಡೈವ್, ಹೀಗೆ ಎಂಟು. ಒಂದು ಪೋಕೆಮಾನ್‌ಗೆ ನಾಲ್ಕೇ ವಿದ್ಯೆ. ಎಚ್‌ಎಂ ಒಮ್ಮೆ ಕಲಿಸಿದರೆ ಮರೆಸಲು ಲಿಲಿಕೋವ್ ಊರಿನ ಒಬ್ಬ ಮುದುಕನ ಹತ್ತಿರವೇ ಹೋಗಬೇಕು. ಹಾಗಾಗಿ ಆರು ಜನರ ತಂಡದಲ್ಲಿ ಒಬ್ಬ ಕೂಲಿಯವನು ಖಾಯಂ. ನನ್ನ ತಂಡದಲ್ಲಿ ಅದು ಲಿನೂನ್, ಪಾಪ, ಕಟ್ಟು, ಸರ್ಫು, ಸ್ಟ್ರೆಂತು, ರಾಕ್ ಸ್ಮ್ಯಾಶು ಹೊತ್ತುಕೊಂಡು ಜಗಳಕ್ಕೆ ಬಾರದ ಹಮಾಲಿ ಆಗಿಹೋಯಿತು. ಆರು ಅಂತ ಹೇಳಿ ಐದೇ ಕೊಟ್ಟ ಹಾಗೆ.

ಎರಡನೆಯದು ನೀರು. ಆಟ ನಡೆಯುವ ಹೋಯೆನ್ ಪ್ರದೇಶದ ಪೂರ್ವ ಅರ್ಧ ಬರೀ ಸಮುದ್ರ. ಬೇಸಿಗೆಯಲ್ಲಿ ಕೊಡಕ್ಕೆ ಕೊಡ ಲೆಕ್ಕ ಹಾಕುವ ನಮ್ಮ ಊರಿನವನಿಗೆ ಇಷ್ಟು ನೀರು ನೋಡಿ ಮೊದಲ ದಿನ ಖುಷಿಯೇ ಆಯಿತು. ಮೂರನೇ ದಿನಕ್ಕೆ ಸಾಕಾಯಿತು. ನಾಲ್ಕು ಹೆಜ್ಜೆಗೊಂದು ಟೆಂಟಕೂಲ್ ಅನ್ನುವ ಪೋಕೆಮಾನ್ ಜಗಳಕ್ಕೆ ಬರುತ್ತದೆ. ಅವು ಹತ್ತಿರ ಬಾರದ ಹಾಗೆ ರಿಪೆಲ್ ಹೊಡೆದುಕೊಂಡರೆ ನೂರು ಹೆಜ್ಜೆಗೆ ಮುಗಿಯುತ್ತದೆ, ಮ್ಯಾಕ್ಸ್ ರಿಪೆಲ್ 250ಕ್ಕೆ. ಮುಗಿದಾಗ ಇನ್ನೊಂದು ಹಾಕಲೇ ಅಂತ ಕೇಳುವುದಿಲ್ಲ, ಪ್ರತಿ ಸಲ ಚೀಲ ತೆರೆದು ಹುಡುಕು.

ಮೂರನೆಯದು ನನಗೆ ಬಹಳ ತಡವಾಗಿ ಗೊತ್ತಾಯಿತು, ಅದಕ್ಕೇ ಸಿಟ್ಟು ಜಾಸ್ತಿ. ಆಬ್ಸೋಲ್ ಅಂತ ಒಂದು ಬಿಳಿ ಪ್ರಾಣಿ, ನೋಡಲು ರಾಜಗಾಂಭೀರ್ಯ, ದೈಹಿಕ ಶಕ್ತಿ 130. ಅದಕ್ಕೆ ಸ್ವೋರ್ಡ್ಸ್ ಡ್ಯಾನ್ಸ್ ಮಾಡಿಸಿ ಶಕ್ತಿ ಇಮ್ಮಡಿ ಮಾಡಿ ಬೈಟ್ ಹೊಡೆಸುತ್ತಿದ್ದೆ. ಏಟು ಮಾತ್ರ ಸೊಳ್ಳೆ ಕಡಿದ ಹಾಗೆ. ಯಾಕೆಂದರೆ ಈ ಆಟದಲ್ಲಿ ಏಟು ದೈಹಿಕವೋ ವಿಶೇಷವೋ ಅನ್ನುವುದನ್ನು ಬೆಂಕಿ, ನೀರು, ಡಾರ್ಕ್ ಅನ್ನುವ ಅದರ ಜಾತಿಯೇ ತೀರ್ಮಾನಿಸುತ್ತದೆ. ಡಾರ್ಕ್ ಜಾತಿಯ ಏಟೆಲ್ಲಾ ವಿಶೇಷ ಶಕ್ತಿ ಅನ್ನುವ ಬೇರೆ ಲೆಕ್ಕಕ್ಕೆ, ಅಲ್ಲಿ ಆಬ್ಸೋಲ್‌ಗೆ ಬರೀ 75. ಹಲ್ಲಿನಿಂದ ಕಚ್ಚುವುದು ದೈಹಿಕ ಅಲ್ಲವಂತೆ, ಹೇಳಿ ನೋಡೋಣ! ಗ್ಯಾರಡೋಸ್ ಕಥೆಯೂ ಇದೇ, ಶಕ್ತಿ 125, ಆದರೆ ಅದರ ನೀರಿನ ಏಟೆಲ್ಲಾ 60ರ ಲೆಕ್ಕದಲ್ಲಿ. 2006ರಲ್ಲಿ ಬಂದ ಡೈಮಂಡ್, ಪರ್ಲ್ ಆಟಗಳಲ್ಲಿ ಏಟೊಂದೊಂದಕ್ಕೂ ಬೇರೆಬೇರೆ ಲೆಕ್ಕ ಇಟ್ಟು ಇದನ್ನು ತಿದ್ದಿದರು. ಎಮರಾಲ್ಡ್ ಆಡುವವರು ಇದನ್ನು ಮೊದಲೇ ತಿಳಿದುಕೊಂಡರೆ ನನ್ನ ಹಾಗೆ ಎರಡು ವಾರ ವ್ಯರ್ಥ ಆಗುವುದಿಲ್ಲ. ಆಬ್ಸೋಲ್‌ಗೆ ಸ್ಲ್ಯಾಶ್ ಕೊಡಿ, ಅದು ನಾರ್ಮಲ್ ಜಾತಿ, ದೈಹಿಕ.

ಮೆಚ್ಚಬೇಕೋ ಬೈಯಬೇಕೋ ಗೊತ್ತಾಗದ ಒಂದು ಜಾಗ ಇದೆ. ಸಮುದ್ರದ ತಳದ ಒಂದು ಗುಹೆಯಲ್ಲಿ ಗೋಡೆ ತುಂಬ ಚುಕ್ಕಿಗಳು. ಬ್ರೈಲ್ ಲಿಪಿ. ನನ್ನ ಹತ್ತಿರ ಆಟದ ಡಬ್ಬಿಯೂ ಇಲ್ಲ, ಅದರ ಜೊತೆ ಬರುವ ಪುಸ್ತಕವೂ ಇಲ್ಲ. ಇಂಟರ್ನೆಟ್ಟಿನಲ್ಲಿ ನೋಡಬಹುದಿತ್ತು, ಆದರೆ ನಮ್ಮ ಓಣಿಯಲ್ಲೇ ಹಾರ್ಮೋನಿಯಂ ಕಲಿಸುವ ಒಬ್ಬ ಕಾಕಾ ಇದ್ದಾರೆ, ಹುಟ್ಟಿನಿಂದ ಕಣ್ಣಿಲ್ಲ. ಭಾನುವಾರ ಅವರ ಮನೆಗೆ ಹೋದೆ. "ಚುಕ್ಕಿ ಹೇಳು ತಮ್ಮಾ. ಎಡಗಡೆ ಮ್ಯಾಲಿಂದ ಒಂದು, ಎರಡು, ಮೂರು. ಬಲಗಡೆ ನಾಕು, ಐದು, ಆರು," ಅಂದರು. ನಾನು ಒಂದು, ನಾಲ್ಕು, ಐದು ಅಂದೆ. "ಡಿ." ಎರಡು, ನಾಲ್ಕು. "ಐ." ಒಂದು, ಎರಡು, ನಾಲ್ಕು, ಐದು. "ಜಿ." ಡಿಗ್ ಹಿಯರ್, ಅಂದರೆ ಇಲ್ಲಿ ಅಗೆ. ಒಳಗಿನ ಕೋಣೆಯಲ್ಲಿ ಮೊದಲು ವೇಲಾರ್ಡ್, ಕೊನೆಗೆ ರೆಲಿಕ್ಯಾಂತ್ ಇರಬೇಕು ಅಂತ ಇತ್ತು, ಅಂದರೆ ತಂಡದ ಸಾಲು ಹಾಗೆ ಜೋಡಿಸಬೇಕು. ಕಾಕಾ ಉತ್ಸಾಹದಿಂದ ಎಸ್‌ಪಿ ಇಸಕೊಂಡು ಪರದೆ ಮೇಲೆ ಬೆರಳಾಡಿಸಿದರು. ಆಮೇಲೆ ಜೋರಾಗಿ ನಕ್ಕರು. "ನಮ್ಮ ಅಕ್ಷರ ಬರದು ಗಾಜು ಹಾಕ್ಯಾರಲ್ಲೋ, ಬೆರಳಿಗೆ ಏನೂ ಹತ್ತವಲ್ದು!" ಅದುವರೆಗೆ ನನಗೆ ಇದು ಆಟದ ಅತಿ ಚಂದದ ಒಗಟು ಅನಿಸಿತ್ತು. ಈಗಲೂ ಚಂದವೇ, ಆದರೆ ಆ ನಗು ನೆನಪಾಗುತ್ತದೆ.

ಕೊನೆಯ ಚಾಂಪಿಯನ್ ವ್ಯಾಲೇಸ್‌ನದು ನೀರಿನ ತಂಡ. ನನ್ನ ಬೆಂಕಿ ಕೋಳಿ ಅಲ್ಲಿ ಕೂತು ನೋಡಿತು ಅಷ್ಟೇ, ಮನೆಕ್ಟ್ರಿಕ್ ಮತ್ತು ಬ್ರೆಲೂಮ್ ಕೆಲಸ ಮುಗಿಸಿದವು. ಅದರ ನಂತರ ತೆರೆಯುವ ಬ್ಯಾಟಲ್ ಫ್ರಾಂಟಿಯರ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಏಳು ಅಖಾಡ, ಒಂದೊಂದಕ್ಕೂ ಬೇರೆ ಕಾನೂನು. ಬ್ಯಾಟಲ್ ಪ್ಯಾಲೇಸಿನಲ್ಲಿ ನಾವು ಆಜ್ಞೆ ಕೊಡುವ ಹಾಗಿಲ್ಲ, ಪೋಕೆಮಾನ್ ತನ್ನ ಸ್ವಭಾವದಂತೆ ತಾನೇ ಹೊಡೆದಾಡುತ್ತದೆ. ಫ್ಯಾಕ್ಟರಿಯಲ್ಲಿ ಬಾಡಿಗೆಯ ಮೂರು ಪೋಕೆಮಾನ್ ಕೊಡುತ್ತಾರೆ, ಗೆದ್ದರೆ ಸೋತವನದರಲ್ಲಿ ಒಂದನ್ನು ಬದಲಾಯಿಸಿಕೊಳ್ಳಬಹುದು. ಬೆಳೆಸಿದ ಲೆವೆಲ್ ಲೆಕ್ಕಕ್ಕಿಲ್ಲ, ಸಿಕ್ಕಿದ್ದರಲ್ಲಿ ಏನು ಮಾಡುತ್ತೀ ಅನ್ನುವುದೇ ಪರೀಕ್ಷೆ. ಬೇರೆ ಸೆಟ್ಟಿನ ಬಿಡಿಭಾಗ ಹಾಕಿ ಮೊಬೈಲ್ ಎಬ್ಬಿಸುವವನಿಗೆ ಇದಕ್ಕಿಂತ ರುಚಿಯಾದ ಜಾಗ ಬೇಕಾ?

ದೊಡ್ಡ ಕೊರತೆ ಅಂದರೆ ವಿನಿಮಯ. ಕೆಲವು ಪೋಕೆಮಾನ್ ಇನ್ನೊಬ್ಬರಿಗೆ ಕೊಟ್ಟರೆ ಮಾತ್ರ ಪೂರ್ತಿ ಬೆಳೆಯುತ್ತವೆ. ನನ್ನ ಕಡಾಬ್ರಾ ಅಂಥದ್ದು. ಇಡೀ ಕಲಬುರಗಿಯಲ್ಲಿ ಇದನ್ನು ಆಡುವ ಇನ್ನೊಬ್ಬ ನನಗೆ ಸಿಗಲಿಲ್ಲ. ಒಬ್ಬ ಕಾಲೇಜು ಹುಡುಗನ ಹತ್ತಿರ ಡಿಎಸ್ ಲೈಟ್ ಅನ್ನುವ ಬೇರೆ ಆಟದ ಯಂತ್ರ ಇತ್ತು, ಅದರಲ್ಲಿ ಈ ಕಾರ್ಟ್ರಿಜ್ ಕೂರುತ್ತದೆ, ಓಡುತ್ತದೆ, ಆದರೆ ವಿನಿಮಯಕ್ಕೆ ಎರಡು ಯಂತ್ರ ಜೋಡಿಸುವ ಲಿಂಕ್ ಕೇಬಲ್ ಚುಚ್ಚುವ ಜಾಗವೇ ಇಲ್ಲ.

ಕೊನೆಗೆ ಅಳಿಯನಿಗೇ ಇನ್ನೊಂದು ಹಳೇ ಎಸ್‌ಪಿ ಮತ್ತು ಫೈರ್‌ರೆಡ್ ಅನ್ನುವ ಇನ್ನೊಂದು ಪೋಕೆಮಾನ್ ಆಟ ಕೊಡಿಸಿದೆ. ಅವನು ಅದರಲ್ಲಿ ಚಾಂಪಿಯನ್ ಆಗಿ, ದ್ವೀಪಗಳಲ್ಲಿ ರೂಬಿ, ಸಫೈರ್ ಹರಳು ಹುಡುಕಿ ಕೊಡುವ ತನಕ ಎಮರಾಲ್ಡ್ ಜೊತೆ ವಿನಿಮಯ ಆಗುವುದಿಲ್ಲ, ಅದಕ್ಕೆ ಅವನಿಗೆ ಐದು ತಿಂಗಳು ಹಿಡಿಯಿತು. ಸಂಕ್ರಾಂತಿಗೆ ಬಂದ. ಒಳಗೆ ಎಲ್ಲೋ ತುಂಡಾಗಿದ್ದ ಲಿಂಕ್ ಕೇಬಲ್ ಕತ್ತರಿಸಿ ಬೆಸೆದೆ. ಕೌಂಟರಿನ ಎರಡು ಕಡೆ ಕೂತು ಜೋಡಿಸಿದೆವು, ಒಬ್ಬ ಗಿರಾಕಿ ತನ್ನ ಫೋನ್ ಮರೆತು ನೋಡುತ್ತ ನಿಂತ. ನನ್ನ ಕಡಾಬ್ರಾ ಅವನ ಪರದೆಗೆ ಹೋಯಿತು, ಬೆಳ್ಳಗೆ ಹೊಳೆಯಿತು, ಅಲಕಜಾಮ್ ಆಯಿತು. ಅದು ನನಗೆ ವಾಪಸ್ ಬರಬೇಕು ಅನ್ನುವುದು ಒಪ್ಪಂದ.

"ಇವತ್ತ ಬ್ಯಾಡ ಮಾಮಾ," ಅಂದ ಕೇಬಲ್ ಸುತ್ತುತ್ತ. "ದಸರಾಕ್ಕ ಕೊಡ್ತೀನಿ."

ಸೇಡಂ ಬಸ್ಸಿಗೆ ನಾನೇ ಹತ್ತಿಸಿ ಬಂದೆ.