ನಾಯಿ-ಬೆಕ್ಕು ಇರೋರಿಗೆ ಮನೆ ಬಾಡಿಗೆಗೆ ಕೊಡ್ತೀರಾ? ಮೊದ್ಲು ಮಳೆಗಾಲದ ಲೆಕ್ಕ ಹಾಕಿ

ಕಾರವಾರದಲ್ಲಿ ಮನೆ ಕೇಳ್ಕೊಂಡು ಬರೋರಲ್ಲಿ ನೇವಲ್ ಬೇಸಿನವ್ರು, ಕೈಗಾದವ್ರು, ಬ್ಯಾಂಕಿಗೆ ಟ್ರಾನ್ಸ್‌ಫರ್ ಆಗಿ ಬಂದವ್ರು ಇರ್ತಾರೆ, ಬಾಡಿಗೆ ತಿಂಗಳಿಗೆ ಸರಿಯಾಗಿ ಬರತ್ತೆ, ಆದ್ರೆ ಜೊತೆಗೆ ಒಂದು ಲ್ಯಾಬ್ರಡಾರೋ ಎರಡು ಬೆಕ್ಕೋ ಬರತ್ತೆ. ಬೇಡ ಅಂದ್ರೆ ಮನೆ ಖಾಲಿ, ಮಳೆಗಾಲದಲ್ಲಿ ಖಾಲಿ ಮನೆ ಏನಾಗತ್ತೆ ಅಂತ ನಮ್ಮ ಕಡೆಯವ್ರಿಗೆ ಬಿಡಿಸಿ ಹೇಳ್ಬೇಕಾ? ಇಲ್ಲಾಂದ್ರೆ ಹೂಂ ಹೂಂ ಅಂದು ಬೆಕ್ಕನ್ನ ಬಚ್ಚಿಟ್ಟು ಸಾಕ್ತಾರೆ, ಅದು ಇನ್ನೂ ತಲೆನೋವು. ಕೊಡಿ ಅಂತ್ಲೇ ನಾನು ಹೇಳೋದು. ಆದ್ರೆ ಬೆಂಗಳೂರಿನ ಅಗ್ರಿಮೆಂಟ್ ಕಾಪಿ ಹೊಡ್ದು ಕೊಡ್ಬೇಡಿ, ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯೋ ಜಾಗ ಇದು.

ದೊಡ್ಡ ಸಮಸ್ಯೆ ಉಚ್ಚೆ. ಅದ್ರಲ್ಲೂ ಬೆಕ್ಕಿಂದು. ಅದ್ರಲ್ಲಿರೋ ಯೂರಿಕ್ ಆಸಿಡ್ ಹರಳಾಗಿ ನೆಲದಲ್ಲಿ ಕೂತ್ಬಿಡತ್ತೆ, ಬರೀ ನೀರಿಗೆ ಕರಗಲ್ಲ, ಏಪ್ರಿಲಲ್ಲಿ ಒಣಗಿದ್ದಾಗ ಏನೂ ಗೊತ್ತಾಗಲ್ಲ, ಜೂನಲ್ಲಿ ಗಾಳಿ ಒದ್ದೆ ಆದ ತಕ್ಷಣ ಮತ್ತೆ ಗಮ್ ಅಂತ ಏಳತ್ತೆ. ಹಾಗಾಗಿ ಕೊಡೋ ಮುಂಚೆನೇ ನೆಲ ನೋಡ್ಕೊಳ್ಳಿ. ಟೈಲ್ಸ್ ಮಧ್ಯದ ಸಿಮೆಂಟ್ ಸಂದಿ ಎಲ್ಲಾನೂ ಹೀರ್ಕೊಳತ್ತೆ, ಅದನ್ನ ಕೆರೆಸಿ ಇಪಾಕ್ಸಿ ತುಂಬ್ಸಿದ್ರೆ ಹೀರಲ್ಲ, ಇಡೀ ಮನೆಗೆ ಬೇಡ, ಜಗಲಿ, ಹಾಲ್ ಮೂಲೆ, ಬಚ್ಚಲ ಬಾಗಿಲ ಹತ್ರ ಮಾಡ್ಸಿದ್ರೂ ಸಾಕು. ಹಳೇ ಮನೆ ರೆಡ್ ಆಕ್ಸೈಡ್ ನೆಲ ಆದ್ರೆ ಬಿರುಕು ಮುಚ್ಚಿಸಿ ಪಾಲಿಶ್ ಹೊಡ್ಸಿ.

ತೊಳಿಯೋದು ಹೇಗೆ ಅಂತ ಬಾಡಿಗೆಯವ್ರಿಗೂ ಹೇಳಿಬಿಡಿ. ನಮ್ಮಲ್ಲಿ ಎಲ್ಲದಕ್ಕೂ ಫಿನಾಯಿಲ್, ಆದ್ರೆ ಬೆಕ್ಕಿಗೆ ಫಿನಾಯಿಲ್ ವಿಷ, ಕಾಲಿಗೆ ಹತ್ತಿ ನೆಕ್ಕತ್ತೆ. ಬ್ಲೀಚಿಂಗ್ ಪೌಡರನ್ನ ಉಚ್ಚೆ ಮೇಲೆ ಹಾಕಿದ್ರೆ ಎದೆ ಉರಿಯೋ ಗ್ಯಾಸ್ ಬರತ್ತೆ, ಬಚ್ಚಲಿಗೆ ಹಾಕೋ ಆಸಿಡ್ ಸಿಮೆಂಟನ್ನೇ ತಿನ್ನತ್ತೆ. ಪ್ರಾಣಿಗಳ ಕಲೆಗೆ ಅಂತ್ಲೇ ಎಂಜೈಮ್ ಕ್ಲೀನರ್ ಸಿಗತ್ತೆ ಆನ್‌ಲೈನಲ್ಲಿ, ಒಂದು ಬಾಟ್ಲಿ ನೀವೇ ತಂದು ಬೀಗದ ಕೈ ಜೊತೆ ಕೊಟ್ಬಿಡಿ, ಆ ದುಡ್ಡು ದಂಡ ಅಲ್ಲ.

ಕಿಟಕಿಗೆ ಕಬ್ಬಿಣದ ಸೊಳ್ಳೆ ಜಾಲರಿ ಬೇಡ, ಉಪ್ಪು ಗಾಳಿಗೆ ತುಕ್ಕು ಹಿಡಿದು ಬೆಕ್ಕಿನ ಒಂದೇ ಉಗುರಿಗೆ ಹರಿಯತ್ತೆ, ಸಮುದ್ರದ ಹತ್ರ ಆದ್ರೆ 316 ಗ್ರೇಡಿನ ಸ್ಟೀಲ್ ಹಾಕ್ಸಿ. ಹಲಸಿನ ಮರದ ಹೆಬ್ಬಾಗಿಲಿದ್ರೆ ಕೆಳಗಿನ ಎರಡಡಿಗೆ ಅಕ್ರಿಲಿಕ್ ಶೀಟ್ ಹೊಡ್ಸಿ, ಗೀರಿದ್ರೂ ಶೀಟಿಗೆ ಗೀರಲಿ. ಗೋಡೆಗೆ ಮೂರಡಿವರೆಗೂ ತೊಳಿಯೋ ಥರದ ಪೇಂಟ್.

ಗಿಲಾವ್ ಮಾಡದೇ ಇರೋ ಚಿರೇಕಲ್ಲಿನ ಗೋಡೆ ಇದ್ರೆ ಉಣುಗಿನ ಬಗ್ಗೆ ಹುಷಾರು, ನಾಯಿ ಮೈಮೇಲಿನ ಕಂದು ಉಣುಗು ಗೋಡೆ ಹತ್ತಿ ತೂತಲ್ಲಿ ಮೊಟ್ಟೆ ಇಡತ್ತೆ, ಮನೆ ಒಳಗೇ ಸಂಸಾರ ಮಾಡತ್ತೆ, ನಾಯಿ ಹೋದ್ರೂ ಅದು ಇರತ್ತೆ. ಸಂದಿ ತುಂಬ್ಸಿ, ನಾಯಿಗೆ ಉಣುಗಿನ ಔಷಧ ತಪ್ಪಿಸ್ಬಾರ್ದು ಅಂತ ಬರೆಸ್ಕೊಳ್ಳಿ. ಸಿದ್ದಾಪುರದ ಕಡೆ, ಕಾಡಿನ ಉಣುಗಿಂದ ಹರಡೋ ಮಂಗನ ಕಾಯಿಲೆ ಬರೋ ಊರಾದ್ರೆ ನಾಯಿನ ಕಾಡಿಗೆ ಬಿಡೋದೇ ಬೇಡ ಅನ್ನಿ. ಇನ್ನು ಇಲಿ ಜ್ವರ ನಾಯಿಗೂ ಬರತ್ತೆ, ಅದ್ರ ಉಚ್ಚೆಯಿಂದ ಮನುಷ್ಯರಿಗೂ ಬರ್ಬಹುದು, ಹಾಗಾಗಿ ಲಸಿಕೆ ಕಾರ್ಡಲ್ಲಿ ರೇಬೀಸ್ ಒಂದೇ ನೋಡ್ಬೇಡಿ, ಲೆಪ್ಟೋ (ಅದೇ ಇಲಿ ಜ್ವರದ ಲಸಿಕೆ) ಅಂತಾನೂ ಇದ್ಯಾ ನೋಡಿ. ಬಾವಿಗೆ ಬಲೆ ಹಾಕ್ಸಿ, ಇದು ಪ್ರಾಣಿ ಇಲ್ದಿದ್ರೂ ಹಾಕ್ಸ್ಬೇಕಾದ್ದೇ.

ಅಗ್ರಿಮೆಂಟ್ ಎಲ್ಲರ ಥರ 11 ತಿಂಗಳಿಂದೇ ಇರಲಿ. ಯಾವ ಪ್ರಾಣಿ, ಎಷ್ಟು, ಮರಿ ಹಾಕಿದ್ರೆ ಎಷ್ಟು ದಿನದಲ್ಲಿ ಬೇರೆಯವ್ರಿಗೆ ಕೊಡ್ಬೇಕು ಅಂತ ಬರೀರಿ, ಫೋಟೋ ಅಂಟ್ಸಿ. ಅಡ್ವಾನ್ಸ್ ಎರಡು ಪಟ್ಟು ಮಾಡೋದು ನಂಗಿಷ್ಟ ಇಲ್ಲ, ಒಂದು ತಿಂಗಳ ಬಾಡಿಗೆಯಷ್ಟನ್ನ ಪ್ರಾಣಿಯಿಂದ ಆಗೋ ಹಾನಿಗೆ ಅಂತ ಬೇರೆ ಬರೆದು ತಗೊಳ್ಳಿ, ಏನೂ ಆಗದಿದ್ರೆ ವಾಪಸ್. ನಾಯಿ ಯಾವಾಗ್ಲೂ ಕಟ್ಟೇ ಇರ್ಬೇಕು ಅಂತ ಮಾತ್ರ ಬರೀಬೇಡಿ, ಗಿಡ್ಡ ಸರಪಳಿಲಿ ದಿನವಿಡೀ ಕಟ್ಟಿ ಹಾಕೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ತಪ್ಪು. ಹಿತ್ತಲಲ್ಲಿ ಜಾಗ ಇದ್ರೆ ಅಡಿಕೆ ದಬ್ಬೆ ಬೇಲಿ ಹಾಕಿ ಒಂದು ಮೂಲೆ ಬಿಟ್ಕೊಡಿ. ಶಿರಸಿ ಕಡೆಯವ್ರಾದ್ರೆ ಅಡಿಕೆ ಒಣಗ್ಸೋ ತಿಂಗಳಲ್ಲಿ ಅಂಗಳಕ್ಕೆ ನಾಯಿ ಬರ್ಬಾರ್ದು ಅಂತ ಈಗ್ಲೇ ಬರೆಸಿ ಮಾರಾಯ್ರೆ, ಬೆಚ್ಚಗಿನ ಅಡಿಕೆ ರಾಶಿ ಮೇಲೆ ಮಲಗೋದು ಅಂದ್ರೆ ಅವಕ್ಕೆ ಸ್ವರ್ಗ. ಗಿಣಿ ಸಾಕ್ತೀವಿ ಅಂದ್ರೆ ಬೇಡ ಅನ್ನಿ, ನಮ್ಮೂರ ಹಸಿರು ಗಿಣಿನ ಪಂಜರದಲ್ಲಿ ಇಡೋದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ, ಲವ್ ಬರ್ಡ್ಸ್ ಅಂತ ಮಾರೋ ಬಜ್ರಿಗರ್ ಆದ್ರೆ ತೊಂದ್ರೆ ಇಲ್ಲ. ಅಕ್ವೇರಿಯಂ ಅಂದ್ರೆ ಎಷ್ಟು ಲೀಟರ್ ಕೇಳಿ, 200 ಲೀಟರಿಗೆ ನೀರೇ 200 ಕೆಜಿ, ಮರದ ಮಾಳಿಗೆ ಮೇಲೆ ಬೇಡ.

ಒಳಗೆ ಬರೋ ದಿನ ಇಬ್ರೂ ಸೇರಿ ಮನೆ ಪೂರ್ತಿ ವಿಡಿಯೋ ಮಾಡಿ ವಾಟ್ಸಾಪಲ್ಲಿ ಹಾಕ್ಕೊಳ್ಳಿ. ಆಮೇಲೆ ಮೇ ಕೊನೆಗೆ ಒಂದ್ಸಲ, ದೀಪಾವಳಿ ಹೊತ್ತಿಗೆ ಒಂದ್ಸಲ, ಮೊದ್ಲೇ ಹೇಳಿ ಹೋಗಿ ನೋಡಿ. ಯಾಕಂದ್ರೆ ಗೋಡೆ ಕೆಳಗಿನ ಕಪ್ಪು ಬೂಷ್ಟು, ಪೇಂಟ್ ಉಬ್ಬಿ ಎದ್ದಿದ್ದು, ಬಾಗಿಲು ಹಿಗ್ಗಿದ್ದು ಎಲ್ಲ ಮಳೆ ಕೆಲ್ಸ, ಅದನ್ನ ನಾಯಿ ತಲೆಗೆ ಕಟ್ಟಿ ಅಡ್ವಾನ್ಸಲ್ಲಿ ಮುರ್ಕೊಳ್ಳೋ ಓನರ್‌ಗಳು ಬೇಕಾದಷ್ಟು ಇದಾರೆ, ಅದು ನ್ಯಾಯ ಅಲ್ಲ. ಗೀರಿದ ಬಾಗ್ಲಿಗೆ ಪಾಲಿಶ್ ಖರ್ಚು ತಗೊಳ್ಳಿ, ಹೊಸ ಬಾಗ್ಲಿಂದಲ್ಲ, ಬಡಿಗನ ಬಿಲ್ ತೋರ್ಸಿ.

ಟ್ರಾನ್ಸ್‌ಫರ್ ಆದಾಗ ನಾಯಿನ ಬೀದಿಗೆ ಬಿಟ್ಟು ಹೋಗೋರೂ ಇದಾರೆ, ಅದೂ ಅದೇ 1960ರ ಕಾಯ್ದೆ ಪ್ರಕಾರ ಅಪರಾಧ, ನಾಯಿನ ಎಲ್ಲಿಗೆ ಕರ್ಕೊಂಡು ಹೋಗ್ತೀರಿ ಅಂತ ನೋಟಿಸ್ ಕೊಟ್ಟ ದಿನವೇ ಕೇಳಿ. ಬೇಸಿಗೆಲಿ ಖಾಲಿ ಮಾಡಿದ್ರೆ ಎಲ್ಲಾ ಮೂಲೆಗೂ ಸ್ವಲ್ಪ ನೀರು ಚಿಮುಕ್ಸಿ, ಕಿಟಕಿ ಬಾಗ್ಲು ಮುಚ್ಚಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಬಾಗ್ಲು ತೆಗ್ದಾಗ ಮೂಗಿಗೆ ಗೊತ್ತಾಗತ್ತೆ. ವಾಸನೆ ಬಂದ್ರೆ ಆ ಮೂಲೆ ತೊಳ್ಸೋ ಖರ್ಚಷ್ಟೇ ಹಿಡ್ಕೊಂಡು, ಇಲ್ಲಾಂದ್ರೆ ಪೂರ್ತಿ, ಅವತ್ತೇ ಗೂಗಲ್ ಪೇ ಮಾಡಿಬಿಡಿ. ಅವ್ರ ಆಫೀಸಿಗೆ ಹೊಸದಾಗಿ ಬರೋರಿಗೆ ನಿಮ್ಮ ನಂಬರ್ ಕೊಡೋದು ಅವ್ರೇ.